ಟೀ ಅಗ್ಗ ಆಗಿದ್ದರೂ ಸಮುದ್ರಕ್ಕೆ ಸುರಿದಿದ್ದು ಯಾಕೆ? ಮಗಳ ಪ್ರಶ್ನೆಗೆ ಉತ್ತರ ಬೇಕು

ಎಡಿಸನ್_ಅಮ್ಮ
ನಮಸ್ಕಾರ ಎಲ್ಲರಿಗೂ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಎಂಟನೇ ಕ್ಲಾಸು, ಅಮೆರಿಕದ ಕ್ರಾಂತಿಯ ಪಾಠ ನಡೀತಾ ಇದೆ. ನಿನ್ನೆ ರಾತ್ರಿ ನಾನು ಚಪಾತಿ ಬೇಯಿಸುತ್ತಿದ್ದಾಗ ಬಂದು ಕೇಳಿದಳು: "ಅಮ್ಮಾ, 1773ರ ಕಾಯ್ದೆಯಿಂದ ಟೀ ರೇಟು ಇಳೀತು ಅಂತ ಪುಸ್ತಕದಲ್ಲೇ ಇದೆ. ಇಳಿದರೆ ಖುಷಿಯಾಗಿ ಕುಡಿಯಬೇಕು ತಾನೇ? ಬೋಸ್ಟನ್ನಿನಲ್ಲಿ ವಲಸಿಗರು ಅದನ್ನು ಸಮುದ್ರಕ್ಕೆ ಎಸೆದಿದ್ದು ಯಾಕೆ?" ಚಪಾತಿ ಸೀದು ಹೋಯಿತು, ಉತ್ತರ ಮಾತ್ರ ಬರಲಿಲ್ಲ.

ಆಮೇಲೆ ನನಗೇ ಇನ್ನೊಂದು ಡೌಟು ಬಂತು. 1763ರವರೆಗೆ ಅಮೆರಿಕದಲ್ಲಿ ನೆಲೆಸಿದ್ದ ಈ ವಲಸಿಗರು ಬ್ರಿಟಿಷರ ಜೊತೆ ಸೇರಿಕೊಂಡು ಫ್ರೆಂಚರ ಮೇಲೆ ಯುದ್ಧ ಮಾಡಿದ್ದಾರೆ. 1775ರಲ್ಲಿ ನೋಡಿದರೆ ಅದೇ ಬ್ರಿಟಿಷ್ ಸೈನಿಕರಿಗೆ ಗುಂಡು ಹೊಡೆಯುತ್ತಿದ್ದಾರೆ. ಬರೀ 12 ವರ್ಷ! ನಾನು ಹಾಸನದಲ್ಲಿ ಓದಿದ್ದು "ತೆರಿಗೆ ಹಾಕಿದರು, ಪ್ರಾತಿನಿಧ್ಯ ಕೊಡಲಿಲ್ಲ, ಕ್ರಾಂತಿ ಆಯಿತು" ಅನ್ನುವ ಎರಡು ಮಾರ್ಕಿನ ಉತ್ತರ. ಅಷ್ಟೇನಾ?

ಬೊಂಡಾ_ಸೂಪ್
ಸಕ್ಕರೆ ಕಮ್ಮಿ ಇತ್ತೇನೋ.

ಫಿಲ್ಟರ್_ಕಾಪಿ
ಟೀ ಚೆಲ್ಲೋದಕ್ಕೆ ಕಾರಣ ಬೇರೆ ಬೇಕಾ?

ಸುಮ್ನೆ_ಓದೋನು
ಸಿಂಪಲ್. ಅದು ನಮ್ಮ ಅಸ್ಸಾಂ ಟೀ. ಇಲ್ಲಿ ಲೂಟಿ ಮಾಡಿ ಅಲ್ಲಿ ಮಾರುತ್ತಿದ್ದರು. ಅವರಿಗೂ ಮೋಸ, ನಮಗೂ ಮೋಸ.

ಬೋಸ್ಟನ್_ಬಸ್ಯಾ
@ಸುಮ್ನೆ_ಓದೋನು ಅಸ್ಸಾಂ ಅಲ್ಲ ಮಾರಾಯ. ಅಸ್ಸಾಮಿನಲ್ಲಿ ಕಂಪನಿ ಟೀ ತೋಟ ಶುರುವಾಗಿದ್ದೇ 1830ರ ದಶಕದಲ್ಲಿ. ಬೋಸ್ಟನ್ನಿನಲ್ಲಿ ಚೆಲ್ಲಿದ್ದು ಪೂರ್ತಿ ಚೀನಾ ಮಾಲು. ಕ್ಯಾಂಟನ್‌ನಿಂದ ಲಂಡನ್, ಲಂಡನ್ನಿನಿಂದ ಬೋಸ್ಟನ್. ಮಾಲು ಚೀನಾದ್ದು, ಅಂಗಡಿ ಈಸ್ಟ್ ಇಂಡಿಯಾ ಕಂಪನಿಯದು.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಆ ಹಡಗಿನ ಮ್ಯೂಸಿಯಂಗೆ ಹೋಗಿದ್ದೆ. ನಮ್ಮ ಕೈಗೂ ಒಂದು ಪೆಟ್ಟಿಗೆ ಕೊಟ್ಟು "ಎಸೀರಿ" ಅನ್ನುತ್ತಾರೆ. ಎಲ್ಲರೂ ಕೂಗಿಕೊಂಡು ನೀರಿಗೆ ಎಸೆಯುತ್ತೇವೆ. ಪೆಟ್ಟಿಗೆಗೆ ಹಗ್ಗ ಕಟ್ಟಿರುತ್ತೆ. ಆಮೇಲೆ ಬಾವಿಯಿಂದ ಕೊಡ ಸೇದಿದ ಹಾಗೆ ಸೇದಿ, ಮುಂದಿನ ಬ್ಯಾಚಿಗೆ ರೆಡಿ.

ಅಸಲಿ ರಾತ್ರಿ, ಅಂದರೆ 1773ರ ಡಿಸೆಂಬರ್ 16ರಂದು ಮೂರು ಹಡಗು: ಡಾರ್ಟ್‌ಮೌತ್, ಎಲಿನಾರ್, ಬೀವರ್. 342 ಪೆಟ್ಟಿಗೆ ಟೀ. ಆಗ ಇಳಿತದ ಹೊತ್ತು, ನೀರು ಕಮ್ಮಿ. ಸುರಿದ ಟೀ ತೇಲಿ ಹೋಗದೆ ಹಡಗಿನ ಪಕ್ಕ ಹುಲ್ಲಿನ ಮೆದೆ ಥರ ರಾಶಿ ಬಿತ್ತಂತೆ. ಹುಡುಗರು ಇಳಿದು ಅದನ್ನು ತಳ್ಳಬೇಕಾಯಿತು. ಇನ್ನೊಂದು ಮಜಾ: ಹಡಗಿನ ಬೇರೆ ಯಾವ ಸಾಮಾನೂ ಮುಟ್ಟಲಿಲ್ಲ. ಒಂದು ಬೀಗ ಮುರಿದಿದ್ದಕ್ಕೆ ಹೊಸ ಬೀಗ ತಂದುಕೊಟ್ಟರು.

ಬೊಂಡಾ_ಸೂಪ್
ಇಲ್ಲಿ ಬಂದ್ ದಿನ ಗಾಜು ಒಡೆಯೋರಿಗೆ ಈ ಬೀಗದ ಕಥೆ ಯಾರಾದರೂ ಹೇಳಿ.

ಸುಮ್ನೆ_ಓದೋನು
@ಬೋಸ್ಟನ್_ಬಸ್ಯಾ ಸರಿ ಒಪ್ಪಿದೆ. ಆದರೂ ರೇಟು ಇಳಿದಿದ್ದು ಯಾಕೆ, ಸಿಟ್ಟು ಬಂದಿದ್ದು ಯಾಕೆ? ಅದು ಹೇಳಲೇ ಇಲ್ಲ.

ವಕೀಲ_ಚಾಮರಾಜಪೇಟೆ
ನಾನು ಹೇಳುತ್ತೇನೆ. ಕಂಪನಿ ಆಗ ಮುಳುಗೋ ಸ್ಥಿತಿಯಲ್ಲಿತ್ತು. ಗೋಡೌನಿನಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಟೀ ಮಾರಾಟವಾಗದೆ ಬಿದ್ದಿತ್ತು. ಸರ್ಕಾರ ಒಂದು ಕಡೆ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಇನ್ನೊಂದು ಕಡೆ ಕಾಯ್ದೆ ಮಾಡಿತು: ಇಂಗ್ಲೆಂಡಿನ ಸುಂಕ ವಾಪಸ್, ಮಧ್ಯದ ವ್ಯಾಪಾರಿಗಳು ಬೇಡ, ಅಮೆರಿಕಕ್ಕೆ ನೇರ ಕಳಿಸು. ಅಲ್ಲಿ ಬಂದರಿನಲ್ಲಿ ಒಂದು ಪೌಂಡ್ ತೂಕದ ಟೀಗೆ 3 ಪೆನ್ಸ್ ಸುಂಕ ಮಾತ್ರ ಹಾಗೇ ಇರಲಿ.

ಈಗ ಯೋಚನೆ ಮಾಡಿ. ಅಲ್ಲಿನ ಜನ ಕುಡಿಯುತ್ತಿದ್ದದ್ದರಲ್ಲಿ ಡಚ್ಚರಿಂದ ಕದ್ದು ತಂದ ಟೀ ದಂಡಿಯಾಗಿತ್ತು. ಆ ಕಳ್ಳಸಾಗಣೆ ಮಾಡುವವರೆಲ್ಲ ಊರಿನ ದೊಡ್ಡ ಮನುಷ್ಯರು. ಕಂಪನಿ ಟೀ ಅಗ್ಗವಾದರೆ ಅವರ ಗತಿ? ನಿಯತ್ತಾಗಿ ಟೀ ತರಿಸುತ್ತಿದ್ದ ವ್ಯಾಪಾರಿಗಳಿಗೂ ಏಟು, ಯಾಕಂದರೆ ಕಂಪನಿ ತಾನೇ ಆರಿಸಿದ ಕೆಲವರಿಗೆ ಮಾತ್ರ ಏಜೆನ್ಸಿ ಕೊಟ್ಟಿತು. ಬೋಸ್ಟನ್ನಿನಲ್ಲಿ ಆ ಏಜೆಂಟರು ಯಾರು ಗೊತ್ತಾ? ಗವರ್ನರ್ ಹಚಿನ್ಸನ್ನನ ಇಬ್ಬರು ಗಂಡುಮಕ್ಕಳು ಆ ಪಟ್ಟಿಯಲ್ಲಿದ್ದರು. ಈಗ ಅರ್ಥ ಆಯ್ತಲ್ವಾ?

ಎಡಿಸನ್_ಅಮ್ಮ
ಅಯ್ಯೋ, ಗವರ್ನರ್ ಮಕ್ಕಳಿಗೇ ಟೆಂಡರ್! ಇದು ಹೇಳಿದರೆ ಮಗಳಿಗಿಂತ ನಮ್ಮ ಮನೆಯವರಿಗೆ ಬೇಗ ಅರ್ಥ ಆಗುತ್ತೆ.

ಹಳೇ_ಮೇಷ್ಟ್ರು
ಟೀ ಕಥೆ ಚೆನ್ನಾಗಿದೆ, ಆದರೆ ಅದು ಕಟ್ಟಕಡೆಯ ಕಿಡಿ. ಕಟ್ಟಿಗೆ ಒಟ್ಟಿದ್ದು ಮೊದಲೇ. ನಿಮ್ಮ ಎರಡನೇ ಪ್ರಶ್ನೆಯೇ ಅಸಲಿ ಪ್ರಶ್ನೆ. ಉತ್ತರ ಫ್ರೆಂಚರಲ್ಲಿದೆ.

ನಕ್ಷೆ ತೆಗೆದುಕೊಳ್ಳಿ. ಪೂರ್ವ ಕರಾವಳಿಗೆ ಅಂಟಿಕೊಂಡು ಬ್ರಿಟಿಷರ 13 ವಸಾಹತು. ಉತ್ತರದಲ್ಲಿ ಕ್ವಿಬೆಕ್ಕಿನಿಂದ ಹಿಡಿದು ಮಿಸಿಸಿಪಿ ಹೊಳೆಯಗುಂಟ ಕೆಳಗೆ ನ್ಯೂ ಆರ್ಲಿಯನ್ಸ್ ತನಕ ಫ್ರೆಂಚರು. ಅವರದು ತುಪ್ಪಳದ ವ್ಯಾಪಾರ, ಜನ ಕಮ್ಮಿ. ಒಂದು ಲಕ್ಷವೂ ಇರಲಿಲ್ಲ. ಬ್ರಿಟಿಷ್ ವಲಸಿಗರು ಹತ್ತು ಲಕ್ಷ ದಾಟಿದ್ದರು, ಇವರಿಗೆ ಬೇಕಾಗಿದ್ದು ನೆಲ. ಇಬ್ಬರ ಕಣ್ಣೂ ಓಹಾಯೋ ಕಣಿವೆ ಮೇಲೆ.

1754ರ ಮೇ ತಿಂಗಳಲ್ಲಿ ವರ್ಜೀನಿಯಾದಿಂದ ಒಬ್ಬ 22 ವರ್ಷದ ಹುಡುಗ ಸೈನಿಕರ ತುಕಡಿ ಕಟ್ಟಿಕೊಂಡು ಆ ಕಾಡಿಗೆ ಹೋದ. ಅಲ್ಲಿನ ಮೂಲನಿವಾಸಿ ನಾಯಕ ತನಾಗ್ರಿಸನ್ ದಾರಿ ತೋರಿಸಿದ. ಬೆಳಗಿನ ಜಾವ ಫ್ರೆಂಚರ ಸಣ್ಣ ಗುಂಪಿನ ಮೇಲೆ ಬಿದ್ದರು. ಜುಮೋನ್‌ವಿಲ್ ಎಂಬ ಫ್ರೆಂಚ್ ಅಧಿಕಾರಿ ಸತ್ತ. ಫ್ರೆಂಚರು ಬಿಡುತ್ತಾರಾ? ಜುಲೈ 3ಕ್ಕೆ ಬಂದು ಈ ಹುಡುಗನ ಕೋಟೆ ಸುತ್ತಿದರು. ಕೋಟೆ ಅಂದರೆ ಹುಲ್ಲುಗಾವಲಿನ ಮಧ್ಯೆ ಮರದ ದಿಮ್ಮಿಯ ಬೇಲಿ. ಜೋರು ಮಳೆ, ಮದ್ದು ನೆನೆದು ಮುದ್ದೆ. ರಾತ್ರಿ ಶರಣಾಗತಿಯ ಕಾಗದ ಬಂತು, ಫ್ರೆಂಚಿನಲ್ಲಿ. ಹುಡುಗನಿಗೆ ಫ್ರೆಂಚ್ ಬಾರದು. ಒದ್ದೆ ಕಾಗದ, ಮೇಣದ ಬತ್ತಿ ಬೆಳಕು, ಅರೆಬರೆ ಅನುವಾದ. ಸಹಿ ಹಾಕಿದ. ಆಮೇಲೆ ಗೊತ್ತಾಯಿತು, ಜುಮೋನ್‌ವಿಲ್‌ನನ್ನು ಹತ್ಯೆ ಮಾಡಿದ್ದು ನಿಜ ಅಂತ ಅದರಲ್ಲಿ ಬರೆದಿತ್ತು!

ಆ ಹುಡುಗನ ಹೆಸರು ಜಾರ್ಜ್ ವಾಷಿಂಗ್ಟನ್. ಆ ಕಾಡಿನ ಜಗಳ ಬೆಳೆದು ಸಪ್ತವಾರ್ಷಿಕ ಯುದ್ಧವಾಯಿತು. ಯುರೋಪು, ಬಂಗಾಳ, ವಾಂದಿವಾಶ್, ಪಾಂಡಿಚೇರಿ, ಎಲ್ಲ ಕಡೆ ಬೆಂಕಿ.

ವಕೀಲ_ಚಾಮರಾಜಪೇಟೆ
ಓದದೆ ಸಹಿ ಹಾಕಬೇಡಿ ಅಂತ ದಿನಕ್ಕೆ ಹತ್ತು ಸಲ ಕಕ್ಷಿದಾರರಿಗೆ ಹೇಳುತ್ತೇನೆ. ಇನ್ನು ಮೇಲೆ ಈ ಉದಾಹರಣೆ ಕೊಡುತ್ತೇನೆ ಮೇಷ್ಟ್ರೇ.

ಧಾರವಾಡ_ಪೇಡೆ
ಮೇಷ್ಟ್ರೇ, ಯುದ್ಧದಾಗ ಗೆದ್ದವರು ಬ್ರಿಟಿಷರು. ಮತ್ತ ಕ್ರಾಂತಿಗೆ ಅದು ಹೆಂಗ ಕಾರಣ ಆಗತದ? ಗೆದ್ದ ಮ್ಯಾಲೆ ಕೃತಜ್ಞತಾ ಇರಬೇಕಲ್ರಿ?

ಹಳೇ_ಮೇಷ್ಟ್ರು
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಪೇಡೆಯವರೇ!

1759ರ ಸೆಪ್ಟೆಂಬರ್ 13ರಂದು ಕ್ವಿಬೆಕ್ ಹೊರಗಿನ ಬಯಲಿನಲ್ಲಿ ಕದನ. ಬ್ರಿಟಿಷ್ ಸೇನಾಪತಿ ವುಲ್ಫ್ ಅಲ್ಲೇ ಸತ್ತ, ಫ್ರೆಂಚ್ ಸೇನಾಪತಿ ಮಾಂಕಾಮ್ ಗಾಯಗೊಂಡು ಮರುದಿನ ಸತ್ತ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಕೆನಡಾ ಬ್ರಿಟಿಷರದಾಯಿತು. ಅಲ್ಲಿಯವರೆಗೆ ವಲಸಿಗರಿಗೆ ಬ್ರಿಟಿಷ್ ಸೈನ್ಯ ಬೇಕಿತ್ತು, ಯಾಕಂದರೆ ಬೆನ್ನ ಹಿಂದೆ ಫ್ರೆಂಚರಿದ್ದರು. ಫ್ರೆಂಚರು ಹೋದ ಮೇಲೆ ಈ ಸೈನ್ಯ ಯಾಕೆ, ಅದಕ್ಕೆ ದುಡ್ಡು ಯಾಕೆ?

ಇದನ್ನು ಮೊದಲೇ ಹೇಳಿದವನೊಬ್ಬನಿದ್ದ. ಪೆಹರ್ ಕಾಲ್ಮ್ ಅಂತ, ಸಸ್ಯವಿಜ್ಞಾನಿ ಲಿನೇಯಸ್ಸನ ಶಿಷ್ಯ, ಗಿಡ ಹುಡುಕಿಕೊಂಡು ಸ್ವೀಡನ್ನಿನ ಕಡೆಯಿಂದ ಬಂದವನು. 1748ರಲ್ಲಿ ನ್ಯೂಯಾರ್ಕಿನಲ್ಲಿ ಕೂತು ಬರೆದಿಟ್ಟ: ಇನ್ನು ಮೂವತ್ತು ಐವತ್ತು ವರ್ಷದಲ್ಲಿ ಇವರು ಬೇರೆ ರಾಜ್ಯ ಆಗಬಹುದು ಅಂತ ಇಲ್ಲಿನವರೇ ಹೇಳುತ್ತಾರೆ, ಸದ್ಯಕ್ಕೆ ಇವರನ್ನು ಇಂಗ್ಲೆಂಡಿಗೆ ಕಟ್ಟಿಹಾಕಿರುವುದು ಪಕ್ಕದಲ್ಲಿರುವ ಫ್ರೆಂಚರ ಭಯ. ಸ್ವಾತಂತ್ರ್ಯ ಘೋಷಣೆ ಬಂದಿದ್ದು 1776ರಲ್ಲಿ. 28 ವರ್ಷ. ಗಿಡ ನೋಡಲು ಬಂದವನು ಎಷ್ಟು ನೋಡಿದ ನೋಡಿ.

ಎಡಿಸನ್_ಅಮ್ಮ
ಕಾಲ್ಮ್ ಅಂದರೆ ಕಾಲ್ಮಿಯಾ ಗಿಡದ ಕಾಲ್ಮಾ? ನಮ್ಮ ಬೀದಿ ಕೊನೆಯ ಪಾರ್ಕಿನಲ್ಲಿ ಬೇಲಿಯುದ್ದಕ್ಕೂ ಇದೆ! ಬಿಳಿ ಗುಲಾಬಿ ಬಣ್ಣದ ಹೂ, ಸಣ್ಣ ಬಟ್ಟಲಿನ ಥರ. ಎಲೆಯಲ್ಲಿ ವಿಷ ಇದೆ ಅಂತ ಬೋರ್ಡು ಬೇರೆ.

ಹಳೇ_ಮೇಷ್ಟ್ರು
ಅವನದೇ ಹೆಸರಮ್ಮ. ಗುರು ಲಿನೇಯಸ್ ಇಟ್ಟಿದ್ದು.

ಟೊರಾಂಟೊ_ತಿಮ್ಮ
ಕೆನಡಾದಿಂದ ಒಂದು ಮಾತು. ಯುದ್ಧ ಮುಗಿದಾಗ ಲಂಡನ್ನಿನಲ್ಲಿ ದೊಡ್ಡ ಚರ್ಚೆ ನಡೆದಿತ್ತು: ಕೆನಡಾ ಇಟ್ಟುಕೊಳ್ಳೋದಾ, ಗ್ವಾಡೆಲೂಪ್ ಇಟ್ಟುಕೊಳ್ಳೋದಾ? ಗ್ವಾಡೆಲೂಪ್ ಅಂದರೆ ಕೆರಿಬಿಯನ್ನಿನ ಸಣ್ಣ ದ್ವೀಪ. ಆದರೆ ಸಕ್ಕರೆ ಬೆಳೆಯುತ್ತಿತ್ತು, ಗುಲಾಮರ ಬೆವರಿನಲ್ಲಿ. ಇಡೀ ಕೆನಡಾಗಿಂತ ಆ ದ್ವೀಪಕ್ಕೇ ಬೆಲೆ ಜಾಸ್ತಿ ಅನ್ನುವವರಿದ್ದರು. ಕೆನಡಾ ಫ್ರೆಂಚರ ಕೈಲೇ ಇರಲಿ, ನಮ್ಮ ವಲಸಿಗರು ಬಾಲ ಬಿಚ್ಚಲ್ಲ ಅಂತ ವಾದ ಮಾಡಿದವರೂ ಇದ್ದರು. ಕೊನೆಗೆ ದ್ವೀಪ ವಾಪಸ್ ಕೊಟ್ಟು ಹಿಮ ಇಟ್ಟುಕೊಂಡರು. ಇವತ್ತು ಬೆಳಿಗ್ಗೆ ಡ್ರೈವ್‌ವೇ ಹಿಮ ತೆಗೆಯುವಾಗ ನನಗೂ ಗ್ವಾಡೆಲೂಪೇ ಸರಿ ಅನ್ನಿಸಿತು.

ಇನ್ನೊಂದು, ಇದು ತಮಾಷೆ ಅಲ್ಲ. ನೋವಾ ಸ್ಕೋಷಿಯಾ ಕಡೆ ಅಕೇಡಿಯನ್ನರು ಅಂತ ಫ್ರೆಂಚ್ ರೈತರಿದ್ದರು. ಸಮುದ್ರಕ್ಕೆ ಒಡ್ಡು ಹಾಕಿ ಗದ್ದೆ ಮಾಡಿಕೊಂಡಿದ್ದರು, ನಮ್ಮ ಕರಾವಳಿಯ ಗಜನಿ ಗದ್ದೆ ಥರ. ಷರತ್ತಿಲ್ಲದೆ ರಾಜನಿಷ್ಠೆಯ ಪ್ರಮಾಣ ಮಾಡಲಿಲ್ಲ ಅಂತ 1755ರಿಂದ ಅವರನ್ನು ಹಡಗಿಗೆ ತುಂಬಿ ಓಡಿಸಿದರು. ಮನೆಗೆ ಬೆಂಕಿ ಹಚ್ಚಿದರು. ಆ ನೆಲಕ್ಕೆ ಆಮೇಲೆ ನ್ಯೂ ಇಂಗ್ಲೆಂಡಿನ ವಲಸಿಗರು ಬಂದು ಕೂತರು. ಓಡಿಸಲ್ಪಟ್ಟವರಲ್ಲಿ ಕೆಲವರು ಲೂಯಿಸಿಯಾನಾ ಸೇರಿದರು. ಕೇಜನ್ ಅಂತ ಕೇಳಿರುತ್ತೀರಿ, ಅದು ಅಕೇಡಿಯನ್ ಅನ್ನುವ ಹೆಸರೇ ಸವೆದು ಆಗಿದ್ದು.

ಮಲೆನಾಡ_ಮಾಣಿ
ಗೆದ್ದ ಮೇಲಿನ ಮುಖ್ಯ ವಿಷಯ ಯಾರೂ ಹೇಳಲಿಲ್ಲ. 1763ರ ಅಕ್ಟೋಬರ್ 7ರಂದು ರಾಜ ಒಂದು ಘೋಷಣೆ ಹೊರಡಿಸಿದ. ಅಪಲೇಚಿಯನ್ ಬೆಟ್ಟಸಾಲಿನ ಆಚೆ ಯಾರೂ ಜಮೀನು ಮಾಡಬಾರದು, ಅದು ಮೂಲನಿವಾಸಿಗಳಿಗೆ ಬಿಟ್ಟಿದ್ದು. ಆಗತಾನೇ ಪಾಂಟಿಯಾಕ್ ಅನ್ನುವ ನಾಯಕ ಗಡಿಯುದ್ದಕ್ಕೂ ಬ್ರಿಟಿಷ್ ಕೋಟೆಗಳ ಮೇಲೆ ದಂಡೆತ್ತಿದ್ದ. ಹೊಸ ಯುದ್ಧಕ್ಕೆ ಖಜಾನೆಯಲ್ಲಿ ಕಾಸಿರಲಿಲ್ಲ.

ವಲಸಿಗರಿಗೆ ಹೇಗಾಗಿರಬೇಡ? ಫ್ರೆಂಚರನ್ನು ಓಡಿಸಿದ್ದೇ ಆ ನೆಲಕ್ಕೋಸ್ಕರ. ಈಗ ಗೆರೆ ಎಳೆದು ದಾಟಬೇಡಿ ಅನ್ನುತ್ತಾರೆ. ಆದರೂ ದಾಟಿದರು. ಮರ ಕಡಿದು, ಗುಡಿಸಲು ಹಾಕಿ, ಮೆಕ್ಕೆಜೋಳ ಬಿತ್ತಿದರು. ಪಕ್ಕಾ ಬಗರ್ ಹುಕುಂ! ನಮ್ಮ ಕಡೆ ಅರ್ಜಿ ಹಾಕಿ ಇಪ್ಪತ್ತು ವರ್ಷದಿಂದ ಕಾಯುತ್ತಿರುವವರಿಗೆ ಈ ಸಿಟ್ಟು ಚೆನ್ನಾಗಿ ಗೊತ್ತು.

ಕೋಟೆ_ಬೀದಿ
ಬಗರ್ ಹುಕುಂ ಹೋಲಿಕೆ ಒಪ್ಪಲ್ಲ ಮಾಣಿ. ಬಗರ್ ಹುಕುಂನವರು ಎರಡು ಎಕರೆಗೆ ಪರದಾಡೋರು. ಅಲ್ಲಿ ಜೋರಾಗಿ ಕೂಗಿದವರು ಲೇಔಟ್ ಮಾಡೋ ಪೈಕಿ. ವರ್ಜೀನಿಯಾದ ದೊಡ್ಡ ಕುಳಗಳು ಓಹಾಯೋ ಕಂಪನಿ ಅಂತ ಕಟ್ಟಿಕೊಂಡು ಲಕ್ಷಗಟ್ಟಲೆ ಎಕರೆಗೆ ಗಾಳ ಹಾಕಿದ್ದರು. ವಾಷಿಂಗ್ಟನ್ನೇ 1767ರಲ್ಲಿ ತನ್ನ ಸರ್ವೇಯರಿಗೆ ಕಾಗದ ಬರೆದ: ಈ ಘೋಷಣೆ ಮೂಲನಿವಾಸಿಗಳನ್ನು ಸಮಾಧಾನ ಮಾಡಲು ಮಾಡಿದ ತಾತ್ಕಾಲಿಕ ಏರ್ಪಾಡು, ಒಳ್ಳೆ ಜಮೀನು ಈಗಲೇ ಗುರುತು ಹಾಕಿಡು, ವಿಷಯ ಗುಟ್ಟಾಗಿರಲಿ. ಇದು ರೆವಿನ್ಯೂ ಸೈಟ್ ಗಿರಾಕಿ ಮಾತು, ರೈತನದಲ್ಲ.

ಮಲೆನಾಡ_ಮಾಣಿ
ದೊಡ್ಡವರೂ ಇದ್ದರು, ಸಣ್ಣವರೂ ಇದ್ದರು. ಗೆರೆ ದಾಟಿ ಗುಡಿಸಲು ಹಾಕಿದವನು ವಾಷಿಂಗ್ಟನ್ ಅಲ್ಲ.

ಕೋಟೆ_ಬೀದಿ
ಆ ಗುಡಿಸಲು ಬಿದ್ದಿದ್ದು ಬೇರೆಯವರ ನೆಲದ ಮೇಲೆ. ಅದನ್ನೂ ಹೇಳಿ.

ಟೊರಾಂಟೊ_ತಿಮ್ಮ
ಹೌದು. ಸ್ವಾತಂತ್ರ್ಯ ಘೋಷಣೆಯನ್ನು ಪೂರ್ತಿ ಓದಿ. ಮೇಲೆ ಎಲ್ಲರೂ ಸಮಾನರು ಅಂತ ಇದೆ. ಕೆಳಗೆ ರಾಜನ ಮೇಲಿನ ದೂರುಗಳಲ್ಲಿ ಮೂಲನಿವಾಸಿಗಳನ್ನು ಕರುಣೆಯಿಲ್ಲದ ಕಾಡುಜನ ಅಂತ ಬೈದಿದ್ದಾರೆ.

ವಕೀಲ_ಚಾಮರಾಜಪೇಟೆ
ತೆರಿಗೆ ಕಡೆ ಬರೋಣ. ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಸಾಲ ಸುಮಾರು 7.5 ಕೋಟಿ ಪೌಂಡ್, ಮುಗಿದಾಗ 13 ಕೋಟಿ ದಾಟಿತ್ತು. ಬಡ್ಡಿ ಕಟ್ಟಬೇಕು, ಅಮೆರಿಕದಲ್ಲಿ ಸೈನ್ಯ ಸಾಕಬೇಕು. 1765ರಲ್ಲಿ ಸ್ಟಾಂಪ್ ಕಾಯ್ದೆ ತಂದರು. ನಮ್ಮವರಿಗೆ ಇದನ್ನು ವಿವರಿಸುವುದೇ ಬೇಡ. ಬಾಡಿಗೆ ಕರಾರಿಗೆ ಸ್ಟಾಂಪ್ ಪೇಪರ್ ತರುತ್ತೀರಲ್ಲ, ಅದೇ. ಕ್ರಯಪತ್ರ, ಉಯಿಲು, ಲೈಸೆನ್ಸು, ಪತ್ರಿಕೆ, ಕೊನೆಗೆ ಇಸ್ಪೀಟೆಲೆ ಮತ್ತು ದಾಳಕ್ಕೂ ಮುದ್ರೆ. ಇಂಗ್ಲೆಂಡಿನಲ್ಲಿ 1694ರಿಂದಲೇ ಇತ್ತು. ಅವರಿಗೆ ಇದು ಹೊಸದೇ ಅಲ್ಲ, "ಇಷ್ಟಕ್ಕೆ ಇಷ್ಟೊಂದು ಗಲಾಟೆನಾ" ಅಂತ ಆಶ್ಚರ್ಯ.

ಮಾಡಿದ ತಪ್ಪು ಎಲ್ಲಿ ಗೊತ್ತಾ? ಯಾರ ಮೇಲೆ ಹಾಕಿದರು ನೋಡಿ. ವಕೀಲರು, ಪತ್ರಿಕೆಯವರು, ಹೆಂಡದಂಗಡಿಯವರು. ವಾದಿಸುವವನು, ಅಚ್ಚು ಹಾಕುವವನು, ಜನ ಸೇರುವ ಜಾಗ ಇಟ್ಟುಕೊಂಡವನು. ಮೂವರನ್ನೂ ಒಟ್ಟಿಗೆ ಎದುರು ಹಾಕಿಕೊಂಡರೆ ಯಾವ ಸರ್ಕಾರ ಉಳಿಯುತ್ತೆ ಸ್ವಾಮಿ? 1766ರ ಮಾರ್ಚಿನಲ್ಲಿ ಕಾಯ್ದೆ ವಾಪಸ್.

ಸುಮ್ನೆ_ಓದೋನು
ಪ್ರಾತಿನಿಧ್ಯ ಇಲ್ಲದೆ ತೆರಿಗೆ ಹಾಕಿದ್ದು ತಪ್ಪೇ ಅಲ್ವಾ? ಅದರಲ್ಲಿ ವಾದ ಏನಿದೆ?

ವಕೀಲ_ಚಾಮರಾಜಪೇಟೆ
ಇದೆ. ಆಗ ಮ್ಯಾಂಚೆಸ್ಟರ್‌ಗೂ ಸಂಸದ ಇರಲಿಲ್ಲ, ಬರ್ಮಿಂಗ್‌ಹ್ಯಾಮ್‌ಗೂ ಇರಲಿಲ್ಲ. 1832ರವರೆಗೆ ಇರಲಿಲ್ಲ. ಸಂಸತ್ತು ಎಲ್ಲರ ಪರವಾಗಿ ಯೋಚಿಸುತ್ತೆ ಅನ್ನುವುದು ಲಂಡನ್ನಿನ ವಾದ. ವಲಸಿಗರಿಗೆ ಅವರವರ ಊರಿನಲ್ಲೇ ಚುನಾಯಿತ ಸಭೆ ಇತ್ತು, ತೆರಿಗೆ ಅವರೇ ಹಾಕಿಕೊಂಡು ಅಭ್ಯಾಸ ಆಗಿತ್ತು. ಇದ್ದ ಅಧಿಕಾರ ಕಿತ್ತುಕೊಂಡರೆ ಆಗುವ ನೋವೇ ಬೇರೆ.

ಧಾರವಾಡ_ಪೇಡೆ
ಈ ವಲಸಿಗರಿಗೆ ಎದುರಾಳಿ ಅಂದ್ರ ಬರೀ ಫ್ರೆಂಚರು ಅಲ್ರೀ. ಇಂಗ್ಲಿಷರು ಇಂಗ್ಲಿಷರೇ ಬಡಿದಾಡಿದ್ದು ಕಮ್ಮಿ ಇಲ್ಲ. ವರ್ಮಾಂಟ್ ಕಥಿ ಯಾರಿಗರ ಗೊತ್ತದ ಏನ್ರಿ? ನಮ್ಮ ಅಳಿಯ ಅಲ್ಲೇ ಇದ್ದಾನ.

ಬೋಸ್ಟನ್_ಬಸ್ಯಾ
ಅಯ್ಯೋ ಅದು ನನ್ನ ಫೇವರಿಟ್! ಇಲ್ಲಿಂದ ಕಾರಿನಲ್ಲಿ ಎರಡು ಮೂರು ಗಂಟೆ ದಾರಿ.

ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್ ಅಂತ ಒಬ್ಬ. ಕನೆಕ್ಟಿಕಟ್ ಹೊಳೆಯ ಪಶ್ಚಿಮಕ್ಕಿರುವ ನೆಲಕ್ಕೆ 1749ರಿಂದ ಪಟ್ಟಾ ಕೊಡಲು ಶುರು ಮಾಡಿದ. ಅದು ನಮ್ಮದು ಅಂತ ನ್ಯೂಯಾರ್ಕ್ ಹೇಳುತ್ತಲೇ ಇತ್ತು. ಇವನು ಕೇಳಲಿಲ್ಲ. ಮೊದಲ ಊರಿಗೆ ತನ್ನ ಹೆಸರೇ ಇಟ್ಟ: ಬೆನ್ನಿಂಗ್ಟನ್. ಪ್ರತಿ ಪಟ್ಟಾದಲ್ಲೂ ತನಗೆ ಅಂತ 500 ಎಕರೆ ತೆಗೆದಿಟ್ಟುಕೊಂಡ.

1764ರಲ್ಲಿ ಆ ನೆಲ ನ್ಯೂಯಾರ್ಕಿಗೆ ಸೇರಿದ್ದು ಅಂತ ರಾಜ ತೀರ್ಪು ಕೊಟ್ಟ. ನ್ಯೂಯಾರ್ಕಿನವರು ಅದೇ ಜಮೀನನ್ನು ತಮ್ಮ ಕಡೆಯವರಿಗೆ ಇನ್ನೊಂದು ಸಲ ಹಂಚಿದರು. ಆಗಲೇ ಮನೆ ಕಟ್ಟಿಕೊಂಡು ಕೂತವರು ಮತ್ತೆ ದುಡ್ಡು ಕಟ್ಟಬೇಕು, ಇಲ್ಲಾ ಖಾಲಿ ಮಾಡಬೇಕು. ಆಗ ಈಥನ್ ಅಲೆನ್ ಹುಡುಗರನ್ನು ಕಟ್ಟಿಕೊಂಡ. ಗ್ರೀನ್ ಮೌಂಟನ್ ಬಾಯ್ಸ್. ನ್ಯೂಯಾರ್ಕ್ ಕಡೆಯ ಸರ್ವೇಯರ್ ಬಂದರೆ ಓಡಿಸೋದು, ಶೆರೀಫ್ ಬಂದರೆ ಬಡಿಯೋದು.

ಇಷ್ಟಕ್ಕೂ ಇದು ಸೈಟು ಗಲಾಟೆ. ಆದರೆ ಮುಂದೆ ಕೇಳಿ. 1775ರ ಏಪ್ರಿಲ್ 19ರಂದು ಬೋಸ್ಟನ್ ಪಕ್ಕದ ಲೆಕ್ಸಿಂಗ್ಟನ್ನಿನಲ್ಲಿ ಕ್ರಾಂತಿಯ ಮೊದಲ ಗುಂಡು ಹಾರಿತು. ಮೇ 10ಕ್ಕೆ ಇದೇ ಅಲೆನ್, ಇದೇ ಹುಡುಗರು, ಬೆಳಗಿನ ಜಾವ ಬ್ರಿಟಿಷರ ಟಿಕಾಂಡೆರೋಗಾ ಕೋಟೆಗೆ ನುಗ್ಗಿ ವಶಪಡಿಸಿಕೊಂಡರು. ಚಳಿಗಾಲದಲ್ಲಿ ಹೆನ್ರಿ ನಾಕ್ಸ್ ಅನ್ನುವವನು ಆ ಕಡೆಯ 59 ತೋಪುಗಳನ್ನು ಹಿಮಬಂಡಿಗೆ ಏರಿಸಿ, ಎತ್ತು ಹೂಡಿ, ಸುಮಾರು 300 ಮೈಲಿ ಎಳೆದು ಬೋಸ್ಟನ್ನಿಗೆ ತಂದ. ಗುಡ್ಡದ ಮೇಲೆ ತೋಪು ಕಂಡ ಮೇಲೆ 1776ರ ಮಾರ್ಚ್ 17ರಂದು ಬ್ರಿಟಿಷರು ಊರು ಬಿಟ್ಟರು. ಸೈಟು ಗಲಾಟೆಯ ಗ್ಯಾಂಗ್ ತೆಗೆದ ಕೋಟೆಯ ತೋಪು! ವರ್ಮಾಂಟ್ ಮಾತ್ರ ಯಾರನ್ನೂ ನಂಬದೆ 1777ರಲ್ಲಿ ತಾನೇ ಬೇರೆ ದೇಶ ಅಂತ ಸಾರಿಕೊಂಡಿತು. ಒಕ್ಕೂಟ ಸೇರಿದ್ದು 1791ರಲ್ಲಿ.

ಫಿಲ್ಟರ್_ಕಾಪಿ
ಒಂದೇ ಸೈಟು ಇಬ್ಬರಿಗೆ ಅಂದಿರಲ್ಲ, ಹೊಟ್ಟೆ ಉರಿಯುತ್ತೆ. ನನ್ನದೂ ಅದೇ ಕಥೆ. ಬೆಂಗಳೂರಿನ ಹೊರಗೆ 30-40 ಸೈಟು. ಹೆಸರು ಬೇಡ. ರಿಜಿಸ್ಟ್ರೇಷನ್ ಆಗಿ ಎರಡು ವರ್ಷಕ್ಕೆ ಬೇಲಿ ಹಾಕಿಸೋಣ ಅಂತ ಹೋದರೆ ಅಲ್ಲಿ ಆಗಲೇ ಒಬ್ಬರು ಬೋರ್‌ವೆಲ್ ಕೊರೆಸುತ್ತಿದ್ದರು. ಅವರ ಕೈಯಲ್ಲೂ ಪತ್ರ. ಇಬ್ಬರೂ ನಿಂತುಕೊಂಡು ಅವರ ಫ್ಲಾಸ್ಕಿನ ಕಾಪಿ ಕುಡಿದೆವು. ಏನು ಮಾಡೋದು. ಕೇಸು ಇನ್ನೂ ನಡೀತಿದೆ. ನಮಗೊಬ್ಬ ಈಥನ್ ಅಲೆನ್ ಬೇಕಿತ್ತು.

ಅಂದ ಹಾಗೆ ಕಾಪಿ ಅಂದ ಮೇಲೆ: 1774ರಲ್ಲಿ ಜಾನ್ ಆಡಮ್ಸ್ (ಮುಂದೆ ಅಧ್ಯಕ್ಷನಾದವನು) ಕುದುರೆ ಮೇಲೆ ದೂರದ ದಾರಿ ಬಂದು ಸುಸ್ತಾಗಿ ಒಂದು ಮನೆಯಲ್ಲಿ ಟೀ ಕೇಳಿದ. ಕಳ್ಳಸಾಗಣೆ ಟೀ ಆದರೂ ಪರವಾಗಿಲ್ಲ ಅಂದ. ಮನೆಯಾಕೆ, ನಮ್ಮ ಮನೇಲಿ ಟೀ ಬಿಟ್ಟಿದ್ದೇವೆ, ಬೇಕಾದರೆ ಕಾಪಿ ಮಾಡಿಕೊಡುತ್ತೇನೆ ಅಂದಳು. ಹೆಂಡತಿಗೆ ಬರೆದ ಕಾಗದದಲ್ಲಿದೆ. ಆಮೇಲಿಂದ ದಿನಾ ಮಧ್ಯಾಹ್ನ ಕಾಪಿನೇ ಕುಡಿದನಂತೆ. ಕ್ರಾಂತಿಯಲ್ಲಿ ನನಗೆ ಬೇಕಾಗಿದ್ದು ಇಷ್ಟೇ.

ಟೊರಾಂಟೊ_ತಿಮ್ಮ
1774ರ ಕ್ವಿಬೆಕ್ ಕಾಯ್ದೆ ಮರೀಬೇಡಿ. ಕೆನಡಾದ ಫ್ರೆಂಚರಿಗೆ ಕ್ಯಾಥೊಲಿಕ್ ಧರ್ಮ ಇಟ್ಟುಕೊಳ್ಳಲು ಬಿಟ್ಟರು. ಜೊತೆಗೆ ಓಹಾಯೋ ಕಣಿವೆಯನ್ನು ಕ್ವಿಬೆಕ್ಕಿಗೆ ಸೇರಿಸಿದರು! ವಾಷಿಂಗ್ಟನ್ ಮಳೆಯಲ್ಲಿ ನೆಂದಿದ್ದು ಯಾವ ನೆಲಕ್ಕೆ ಹೇಳಿ? ಸೋತ ಎದುರಾಳಿಗೆ ಬಹುಮಾನ, ಗೆದ್ದವನಿಗೆ ಬಂದರಿಗೆ ಬೀಗ. ಟೀ ಚೆಲ್ಲಿದ್ದಕ್ಕೆ ಶಿಕ್ಷೆ ಅಂತ ಬೋಸ್ಟನ್ ಬಂದರು ಮುಚ್ಚಿದ್ದೂ ಅದೇ ವರ್ಷ. ಕೆನಡಾದ ಫ್ರೆಂಚರು ಕ್ರಾಂತಿಗೆ ಸೇರದೇ ಇದ್ದುದಕ್ಕೆ ಈ ಕಾಯ್ದೆಯೂ ಒಂದು ಕಾರಣ.

ಕೋಟೆ_ಬೀದಿ
ಈಗ ನಮ್ಮೂರ ವಿಷಯ. ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು. ಕಂಪನಿಯನ್ನು ಮುಳುಗಿಸಿದ್ದು ಹೈದರಾಲಿ. 1769ರಲ್ಲಿ ಹೈದರ್ ಕರ್ನಾಟಿಕ್ ಸೀಮೆಗೆ (ಈಗಿನ ತಮಿಳುನಾಡಿನ ಕಡೆ) ನುಗ್ಗಿದ ಸುದ್ದಿ ಲಂಡನ್ ಮುಟ್ಟಿದಾಗ ಕಂಪನಿ ಷೇರು ಕುಸಿಯಿತು. ಷೇರು ಬಿತ್ತು, ಟೀ ಉಳಿಯಿತು, ಕಾಯ್ದೆ ಬಂತು, ಕ್ರಾಂತಿ ಆಯಿತು. ಅಂದರೆ ಅಮೆರಿಕಕ್ಕೆ ಸ್ವಾತಂತ್ರ್ಯ ಕೊಡಿಸಿದ್ದು ಮೈಸೂರು!

ಬೊಂಡಾ_ಸೂಪ್
ಜೈ ಕರ್ನಾಟಕ. ಥ್ರೆಡ್ ಮುಚ್ಚಿ.

ಹಳೇ_ಮೇಷ್ಟ್ರು
ಕೋಟೆಯವರೇ, ಅಷ್ಟು ಜೋರಾಗಿ ಹಗ್ಗ ಎಳೀಬೇಡಿ, ಹರಿಯುತ್ತೆ. ಷೇರು ಕುಸಿದಿದ್ದು ನಿಜ, ಹೈದರ್ ಸುದ್ದಿ ಅದಕ್ಕೆ ಕಾರಣ ಆಗಿದ್ದೂ ನಿಜ. ಆದರೆ ಟೀ ರಾಶಿ ಬೀಳಲು ಕಾರಣ ಬೇರೆ: ಡಚ್ ಕಳ್ಳ ಟೀ, ಕೈಮೀರಿ ಹಂಚಿದ ಲಾಭಾಂಶ, ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ಪೌಂಡ್ ಕೊಡುವ ಒಪ್ಪಂದ, 1772ರಲ್ಲಿ ಲಂಡನ್ ಬ್ಯಾಂಕುಗಳು ಮಗುಚಿಬಿದ್ದಿದ್ದು. ಎಲ್ಲಕ್ಕಿಂತ ದೊಡ್ಡದು ಬಂಗಾಳ. 1770ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು, ಕಂಪನಿ ಕಂದಾಯ ವಸೂಲಿ ನಿಲ್ಲಿಸಲಿಲ್ಲ. ಆ ಸುದ್ದಿ ಅಮೆರಿಕಕ್ಕೂ ಹೋಗಿತ್ತು. ಅಲ್ಲಿನ ರಾಜಕಾರಣಿ ಜಾನ್ ಡಿಕಿನ್ಸನ್ 1773ರಲ್ಲಿ ಬರೆದ ಕರಪತ್ರದಲ್ಲಿ, ಏಷ್ಯಾದಲ್ಲಿ ಲೂಟಿ ಮಾಡಿದ ಕಂಪನಿ ಈಗ ನಮ್ಮ ಮೇಲೆ ಕಣ್ಣು ಹಾಕಿದೆ ಅಂತ ಎಚ್ಚರಿಸಿದ್ದಾನೆ. ಮಗಳ ಪ್ರಶ್ನೆಗೆ ಇದೂ ಉತ್ತರವೇ. ಅವರಿಗೆ ಭಯ ಇದ್ದದ್ದು ಟೀ ರೇಟಿನದಲ್ಲ, ಕಂಪನಿಯದು.

ಕೋಟೆ_ಬೀದಿ
ಸರಿ ಮೇಷ್ಟ್ರೇ, ಅರ್ಧ ಮಾರ್ಕಾದರೂ ಕೊಡಿ. ಹಡಗಿನ ವಿಷಯದಲ್ಲಂತೂ ಪೂರ್ತಿ ಮಾರ್ಕು ಬೇಕು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ ಇಟ್ಟ ಹೆಸರು ಹೈದರ್ ಅಲಿ!

1782ರ ಏಪ್ರಿಲ್ 8, ಡೆಲವೇರ್ ಕೊಲ್ಲಿ. ಕ್ಯಾಪ್ಟನ್ ಜೋಶುವಾ ಬಾರ್ನಿ, 22 ವರ್ಷ. ಎದುರಿಗೆ ಜನರಲ್ ಮಾಂಕ್ ಅನ್ನುವ ಬ್ರಿಟಿಷ್ ಹಡಗು, ಇದಕ್ಕಿಂತ ಬಲಶಾಲಿ. ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೊದಲೇ ಹೇಳಿಟ್ಟ: ನಾನು ಏನು ಕೂಗುತ್ತೇನೋ ಅದಕ್ಕೆ ಉಲ್ಟಾ ತಿರುಗಿಸು. ಹಡಗು ಹತ್ತಿರ ಬಂದಾಗ ಶತ್ರುವಿಗೆ ಕೇಳುವ ಹಾಗೆ ಗಟ್ಟಿಯಾಗಿ ಒಂದು ಕಡೆ ಕೂಗಿದ. ಶತ್ರು ನಂಬಿ ಆ ಕಡೆ ತಿರುಗಿದ, ಇವನ ಹಡಗು ಈ ಕಡೆ ತಿರುಗಿತು. ಎರಡೂ ಸಿಕ್ಕಿಹಾಕಿಕೊಂಡವು. ಅರ್ಧ ಗಂಟೆಯೊಳಗೆ ಮಾಂಕ್ ಶರಣು.

ಎಡಿಸನ್_ಅಮ್ಮ
ನಿಜವಾಗಲೂ ಹೈದರ್ ಅಲಿನಾ? ನಮ್ಮ ಮನೆಯಿಂದ ಡೆಲವೇರ್ ಕೊಲ್ಲಿ ಎರಡು ಗಂಟೆ ದಾರಿ. ಹತ್ತು ವರ್ಷದಿಂದ ಇಲ್ಲಿದ್ದೇನೆ, ಗೊತ್ತೇ ಇರಲಿಲ್ಲ.

ಹಳೇ_ಮೇಷ್ಟ್ರು
ನಿಜ. ಇದಕ್ಕೆ ಪೂರ್ತಿ ಮಾರ್ಕು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಬ್ರಿಟಿಷ್ ಅಧಿಕಾರಿ ಬೇಯ್ಲಿಯ ಸೈನ್ಯವನ್ನು ನುಚ್ಚುನೂರು ಮಾಡಿದ್ದರು. ಶತ್ರುವಿನ ಶತ್ರು ಮಿತ್ರ ಅಂತ ಅಲ್ಲಿನವರಿಗೂ ಅನ್ನಿಸಿತ್ತು.

ಆ ಯುದ್ಧಕ್ಕೂ ಅಮೆರಿಕಕ್ಕೂ ನಂಟಿದೆ. 1777ರಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಸೈನ್ಯ ಶರಣಾಯಿತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಕೈ ಹಿಡಿಯಿತು. ಕೂಡಲೇ ಬ್ರಿಟಿಷರು ಇಲ್ಲಿ ಪಾಂಡಿಚೇರಿ ಹಿಡಿದರು, 1779ರಲ್ಲಿ ಕೇರಳ ಕರಾವಳಿಯ ಫ್ರೆಂಚ್ ನೆಲೆ ಮಾಹೆ ಹಿಡಿದರು. ಹೈದರನಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿದ್ದದ್ದು ಮಾಹೆಯಿಂದ. ಅವನು ಯುದ್ಧಕ್ಕೆ ಇಳಿಯಲು ಅದೂ ಒಂದು ಕಾರಣ.

ಕರಾವಳಿ_ಕಡಲು
ಮುಗಿದಿದ್ದು ನಮ್ಮೂರಿನಲ್ಲಿ ಮಾರಾಯ್ರೆ. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಜೊತೆಗೆ ಫ್ರೆಂಚ್ ತುಕಡಿ. ಯುರೋಪಿನಲ್ಲಿ ಶಾಂತಿ ಆಯಿತು ಅಂತ ಸುದ್ದಿ ಬಂದದ್ದೇ ಫ್ರೆಂಚರು ಗಂಟುಮೂಟೆ ಕಟ್ಟಿದರು. ಟಿಪ್ಪುವಿಗೆ ಎಷ್ಟು ಸಿಟ್ಟು ಬಂದಿರಬೇಕು! ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ. ಅಮೆರಿಕದಲ್ಲಿ ಫ್ರೆಂಚರು ಕೊನೆಯವರೆಗೆ ನಿಂತರು, ನಮ್ಮಲ್ಲಿ ಅರ್ಧದಲ್ಲಿ ಕೈ ಬಿಟ್ಟರು.

ಸುಮ್ನೆ_ಓದೋನು
ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅಮೆರಿಕದಲ್ಲಿ ಸೋತು ಇಲ್ಲಿ ಬಂದವನೇ ಅಲ್ವಾ?

ಕೋಟೆ_ಬೀದಿ
ಅವನೇ. 1781ರ ಅಕ್ಟೋಬರ್ 19, ಯಾರ್ಕ್‌ಟೌನ್. ಶರಣಾಗತಿಯ ದಿನ ಮೈ ಹುಷಾರಿಲ್ಲ ಅಂತ ಹೇಳಿ ಬರಲೇ ಇಲ್ಲ. ಕತ್ತಿ ಒಪ್ಪಿಸಲು ಒ'ಹಾರಾ ಎಂಬ ಅಧಿಕಾರಿಯನ್ನು ಕಳಿಸಿದ. ಅವನು ಹೋಗಿ ಕತ್ತಿ ಕೊಡಲು ನೋಡಿದ್ದು ಫ್ರೆಂಚ್ ಸೇನಾಪತಿಗೆ! ಅಮೆರಿಕನ್ನರಿಗೆ ಸೋತೆವು ಅಂತ ಒಪ್ಪಿಕೊಳ್ಳಲು ಅಷ್ಟು ನಾಚಿಕೆ. ಫ್ರೆಂಚರವನು ವಾಷಿಂಗ್ಟನ್ ಕಡೆ ಕೈ ತೋರಿಸಿದ, ವಾಷಿಂಗ್ಟನ್ ತನ್ನ ಕೈಕೆಳಗಿನವನ ಕಡೆ ಕೈ ತೋರಿಸಿದ.

ಐದು ವರ್ಷಕ್ಕೆ ಆ ಕಾರ್ನ್‌ವಾಲಿಸ್ ಇಲ್ಲಿ ಗವರ್ನರ್ ಜನರಲ್. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಒಡೆದ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3.3 ಕೋಟಿ ರೂಪಾಯಿ, ಒತ್ತೆಯಾಗಿ ಇಬ್ಬರು ಚಿಕ್ಕ ಗಂಡುಮಕ್ಕಳು.

ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆಯ ಗೋಡೆಯಲ್ಲಿ ಒಂದು ಕಲ್ಲು ಫಲಕ ಇದೆ. ಬ್ರಿಟಿಷರು ಒಡೆದು ನುಗ್ಗಿದ್ದು ಇಲ್ಲಿಂದಲೇ ಅಂತ ತಾರೀಖು ಸಮೇತ. ಮುಂದೆ ಬಸ್ಸು, ಆಟೋ, ಹೂವಿನ ಬುಟ್ಟಿ. ನಾನು ಮೊನ್ನೆ ಹೋದಾಗ ಒಬ್ಬರು ಅದರ ಪಕ್ಕ ಮೊಬೈಲ್ ಕವರ್ ನೇತುಹಾಕಿ ಮಾರುತ್ತಿದ್ದರು. ಫಲಕ ಓದಬೇಕಾದರೆ ಎರಡು ಕವರ್ ಸರಿಸಬೇಕಾಯಿತು. "ತಗೊಳ್ಳಲ್ಲಾಂದ್ರೆ ಮುಟ್ಟಬೇಡಿ ಸಾರ್" ಅಂದರು.

ಬೊಂಡಾ_ಸೂಪ್
ತಗೊಂಡ್ರಾ?

ಕೋಟೆ_ಬೀದಿ
ತಗೊಂಡೆ. ನನ್ನ ಫೋನಿಗೆ ಸೈಜು ಆಗಲಿಲ್ಲ.

ಎಡಿಸನ್_ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಎಲ್ಲ ಓದಿ ಹೇಳಿದೆ. ಗವರ್ನರ್ ಮಕ್ಕಳು, ಬೆಟ್ಟದ ಗೆರೆ, ಕ್ವಿಬೆಕ್ ಮೂರೂ ಬರೆದುಕೊಂಡಳು. ಚಾರ್ಟಿನ ಮಧ್ಯೆ ಮಾತ್ರ ಹೈದರ್ ಅಲಿ ಹಡಗಿನದೇ ಚಿತ್ರ. ಈಗ ಹೊಸ ಪ್ರಶ್ನೆ: ಹೆಸರು ಇಟ್ಟ ವಿಷಯ ಹೈದರಾಲಿಗೆ ಗೊತ್ತಾಗಿತ್ತಾ?

ಹಳೇ_ಮೇಷ್ಟ್ರು
ಕಾಳಗ ಆಗಿದ್ದು 1782ರ ಏಪ್ರಿಲ್, ಹೈದರ್ ತೀರಿಕೊಂಡಿದ್ದು ಅದೇ ವರ್ಷದ ಡಿಸೆಂಬರ್ 7. ಆಗ ಸಮುದ್ರದ ದಾರಿಯಲ್ಲಿ ಸುದ್ದಿ ಬರಲು ಆರು ತಿಂಗಳು ಹಿಡಿಯುತ್ತಿತ್ತು. ಲೆಕ್ಕ ಅವಳೇ ಮಾಡಲಿ.

ಫಿಲ್ಟರ್_ಕಾಪಿ
ಚಪಾತಿ ಕಡೆ ನೋಡಿ ಅಮ್ಮ, ಮತ್ತೆ ಸೀದೀತು.